ದಾದಿಯರ ಪಾಳಿ ಪಟ್ಟಿ ಮತ್ತು ಮನೆಯ ನೆಮ್ಮದಿ

"ಹಗಲೆಲ್ಲ ಮಲಗೇ ಇರ್ತಾಳೆ ಡಾಕ್ಟ್ರೇ, ಆದ್ರೂ ಸುಸ್ತು ಸುಸ್ತು ಅಂತಾಳೆ. ರಕ್ತ ಕಡಿಮೆ ಆಗಿದೆಯೋ ಏನೋ, ಸ್ವಲ್ಪ ನೋಡಿ."

ಹೀಗೆಂದು ಪತ್ನಿಯನ್ನು ಕರೆತಂದವರು ಒಬ್ಬ ಶಾಲಾ ಶಿಕ್ಷಕರು. ಪತ್ನಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ವಯಸ್ಸು ಮೂವತ್ತೆಂಟು. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮನೆಯಲ್ಲಿ ವಯಸ್ಸಾದ ಅತ್ತೆ. ಆಕೆಗೆ ಹೊಟ್ಟೆಯುರಿ, ತಲೆನೋವು, ಸಣ್ಣಪುಟ್ಟದಕ್ಕೂ ಸಿಡುಕು, ಬಸ್ಸಿನಲ್ಲಿ ಕುಳಿತರೆ ತೂಕಡಿಕೆ, ಹಾಸಿಗೆಯಲ್ಲಿ ಮಲಗಿದರೆ ನಿದ್ದೆಯಿಲ್ಲ. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಥೈರಾಯ್ಡ್ ಕೂಡ ಸರಿಯಿತ್ತು. ಕೊನೆಗೆ ಆಕೆಯನ್ನು ಕೇಳಿದ್ದು, "ನಿಮ್ಮ ಈ ತಿಂಗಳ ಡ್ಯೂಟಿ ಪಟ್ಟಿ ಇದೆಯೇ?" ಎಂದು.

ಪಟ್ಟಿಯ ಚಿತ್ರ ಆಕೆಯ ಮೊಬೈಲಿನಲ್ಲಿತ್ತು. ಸತತ ಆರು ರಾತ್ರಿ ಪಾಳಿ. ಏಳನೆಯ ಬೆಳಿಗ್ಗೆ ಬಿಡುಗಡೆ. ಮರುದಿನವೇ ಬೆಳಿಗ್ಗೆ 8ಕ್ಕೆ ಮತ್ತೆ ಹಾಜರಿ. ಮುಂದಿನ ವಾರಗಳಲ್ಲಿ ಮೂರು ಕಡೆ, ರಾತ್ರಿ 8ಕ್ಕೆ ಮಧ್ಯಾಹ್ನದ ಪಾಳಿ ಮುಗಿಸಿದವರು ಮರುದಿನ ಬೆಳಿಗ್ಗೆ 8ಕ್ಕೆ ಬೆಳಗಿನ ಪಾಳಿಗೆ ಬರಬೇಕಿತ್ತು.

"ಹಗಲೆಲ್ಲ ಮಲಗುವ" ಲೆಕ್ಕವನ್ನೂ ಅಲ್ಲಿಯೇ ಕೇಳಿದ್ದಾಯಿತು. ಬೆಳಿಗ್ಗೆ 8ಕ್ಕೆ ಪಾಳಿ ಮುಗಿಯುತ್ತದೆ. ವರದಿ ಒಪ್ಪಿಸಿ ಬಸ್ಸು ಹಿಡಿದು ಮನೆ ಸೇರುವಾಗ ಒಂಬತ್ತೂಕಾಲು. ಸ್ನಾನ, ಅತ್ತೆಯವರಿಗೆ ತಿಂಡಿ ಮತ್ತು ಮಾತ್ರೆ, ಮಧ್ಯಾಹ್ನದ ಅಡುಗೆ, ಬಟ್ಟೆ ಒಗೆತ. ಮಲಗುವಾಗ ಹನ್ನೊಂದೂವರೆ. ಒಂದು ಗಂಟೆಗೆ ಅತ್ತೆಯವರಿಗೆ ಊಟ ಬಡಿಸಲು ಏಳಬೇಕು. ಎರಡಕ್ಕೆ ಮತ್ತೆ ಮಲಗಿದರೆ ಮೂರೂವರೆಗೆ ಮಕ್ಕಳು ಶಾಲೆಯಿಂದ ಬರುತ್ತಾರೆ. ಒಟ್ಟು ಮೂರು ಗಂಟೆಯ ನಿದ್ದೆ, ಅದೂ ಎರಡು ತುಂಡಾಗಿ. ಶಿಕ್ಷಕರು ಈ ಲೆಕ್ಕವನ್ನು ಎಂದೂ ಕೂಡಿಸಿ ನೋಡಿರಲಿಲ್ಲ.

ಈ ದಂಪತಿಯ ಕಥೆ ಸಾವಿರಾರು ಮನೆಗಳ ಕಥೆ. ಶುಶ್ರೂಷೆಯ ವೃತ್ತಿಯಲ್ಲಿರುವವರ ಆರೋಗ್ಯವನ್ನೂ ಸಂಸಾರದ ನೆಮ್ಮದಿಯನ್ನೂ ಬಹುಮಟ್ಟಿಗೆ ನಿರ್ಧರಿಸುವುದು ವಾರ್ಡಿನ ಗೋಡೆಗೆ ಅಂಟಿಸಿದ ಒಂದು ಹಾಳೆ. ಎಷ್ಟು ಗಂಟೆ ದುಡಿಯುತ್ತಾರೆ ಎಂಬುದರಷ್ಟೇ ಮುಖ್ಯವಾದುದು ಆ ಗಂಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಲಾಗಿದೆ ಎಂಬುದು. ಈ ವಾರ ಅದರ ಬಗ್ಗೆ ತಿಳಿದುಕೊಳ್ಳೋಣ.

ದೇಹದೊಳಗಿನ ಗಡಿಯಾರ

ನಮ್ಮ ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬಲ್ಲಿ ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ನಮ್ಮ ಜೈವಿಕ ಗಡಿಯಾರ. ಕಣ್ಣಿನ ಮೂಲಕ ಬರುವ ಬೆಳಕನ್ನು ಆಧರಿಸಿ ಅದು ಹಗಲು ರಾತ್ರಿಗಳನ್ನು ಗುರುತಿಸುತ್ತದೆ. ಕತ್ತಲಾದ ಮೇಲೆ ಮೆಲಟೊನಿನ್ ಎಂಬ ಹಾರ್ಮೋನು ಏರುತ್ತದೆ, ನಿದ್ದೆ ಬರುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಯ ಹೊತ್ತಿಗೆ ದೇಹದ ಉಷ್ಣತೆ ತೀರ ಇಳಿದಿರುತ್ತದೆ, ಎಚ್ಚರವೂ ಕನಿಷ್ಠ ಮಟ್ಟದಲ್ಲಿರುತ್ತದೆ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣಗಳ ಅಧ್ಯಯನದಿಂದ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂದಿತು.

ಈ ಗಡಿಯಾರವನ್ನು ನಾವು ಇಷ್ಟಬಂದಂತೆ ತಿರುಗಿಸಲಾಗದು. ಒಂದು ವಾರ ರಾತ್ರಿ ಪಾಳಿ ಮಾಡಿದರೂ ಹೆಚ್ಚಿನವರ ದೇಹ ಅದಕ್ಕೆ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ. ಏಕೆಂದರೆ ಬೆಳಿಗ್ಗೆ ಮನೆಗೆ ಬರುವಾಗ ಕಣ್ಣಿಗೆ ಬೀಳುವ ಬಿಸಿಲು ಗಡಿಯಾರವನ್ನು ಮತ್ತೆ ಹಗಲಿಗೇ ಎಳೆಯುತ್ತದೆ. ಆದ್ದರಿಂದ ಹಗಲು ನಿದ್ದೆ ರಾತ್ರಿ ನಿದ್ದೆಗಿಂತ ಸಾಮಾನ್ಯವಾಗಿ ಒಂದೆರಡು ಗಂಟೆಯಾದರೂ ಕಡಿಮೆ. ಜೊತೆಗೆ ಅದು ಹಗುರವಾದ ನಿದ್ದೆ. ಆರು ರಾತ್ರಿ ಸತತವಾಗಿ ದುಡಿದವರು ಆರು ದಿನದ ನಿದ್ದೆಯ ಸಾಲವನ್ನು ಹೊತ್ತುಕೊಂಡಿರುತ್ತಾರೆ.

ಗಡಿಯಾರಕ್ಕೆ ಇನ್ನೊಂದು ಗುಣವಿದೆ. ಅದರ ಸಹಜ ಸುತ್ತು 24 ಗಂಟೆಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ನಿದ್ದೆಯನ್ನು ಮುಂದೂಡುವುದು ಸುಲಭ, ಬೇಗ ನಿದ್ದೆ ಮಾಡುವುದು ಕಷ್ಟ. ರಜೆಯಲ್ಲಿ ಮಕ್ಕಳು ತಡವಾಗಿ ಮಲಗುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಶಾಲೆ ಶುರುವಾದಾಗ ಬೇಗ ಮಲಗಿಸಲು ಒಂದು ವಾರ ಹಿಡಿಯುತ್ತದೆ. ಪಾಳಿಯ ಕ್ರಮವೂ ಹೀಗೆಯೇ. ಬೆಳಿಗ್ಗೆ, ಅನಂತರ ಮಧ್ಯಾಹ್ನ, ಅನಂತರ ರಾತ್ರಿ ಎಂಬ ಮುಂದಿನ ಕ್ರಮವನ್ನು ದೇಹ ಸಹಿಸಿಕೊಳ್ಳುತ್ತದೆ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಎಂಬ ಹಿಂದುಮುಂದಾದ ಕ್ರಮ ಅದಕ್ಕೆ ಒಗ್ಗುವುದಿಲ್ಲ.

ದಣಿವಿನ ಬೆಲೆ

"ಕೆಲಸ ಎಂದ ಮೇಲೆ ದಣಿವು ಇದ್ದದ್ದೇ" ಎನ್ನುವವರು ಇದನ್ನು ಗಮನಿಸಬೇಕು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 17 ಗಂಟೆ ಎಚ್ಚರವಾಗಿರುವವರ ಕೈ, ಕಣ್ಣು, ಮನಸ್ಸುಗಳ ಚುರುಕು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆಯಲ್ಲಿ ಚಾಲಕರಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಬೆಳಿಗ್ಗೆ ಆರಕ್ಕೆ ಎದ್ದು, ಮನೆಗೆಲಸ ಮುಗಿಸಿ, ಮಧ್ಯಾಹ್ನ ಮಲಗದೆ ಮೊದಲ ರಾತ್ರಿ ಪಾಳಿಗೆ ಬಂದವರು ರಾತ್ರಿ ಹನ್ನೊಂದಕ್ಕೇ ಈ 17 ಗಂಟೆಯನ್ನು ಮುಟ್ಟಿರುತ್ತಾರೆ. ಪಾಳಿ ಮುಗಿಯಲು ಆಗ ಇನ್ನೂ ಒಂಬತ್ತು ಗಂಟೆ ಬಾಕಿ. ಅಷ್ಟರೊಳಗೆ ಅವರು ಚುಚ್ಚುಮದ್ದಿನ ಪ್ರಮಾಣವನ್ನು ಲೆಕ್ಕ ಹಾಕಬೇಕು, ಡ್ರಿಪ್ ಬದಲಿಸಬೇಕು, ಉಸಿರಾಟ ಏರುಪೇರಾದ ರೋಗಿಯನ್ನು ಗುರುತಿಸಬೇಕು. ಬೆಳಿಗ್ಗೆ ಸ್ಕೂಟರ್ ಹತ್ತಿ ಮನೆಗೂ ಹೋಗಬೇಕು.

ದೀರ್ಘಕಾಲದ ಪರಿಣಾಮಗಳೂ ಇವೆ. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ 1,20,000ಕ್ಕೂ ಹೆಚ್ಚು ದಾದಿಯರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತ ಬರಲಾಯಿತು. ಹಲವು ವರ್ಷ ಸರದಿಯ ರಾತ್ರಿ ಪಾಳಿ ಮಾಡಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಸ್ವಲ್ಪ ಹೆಚ್ಚು ಕಂಡುಬಂದಿತು. ಮೂವತ್ತು ವರ್ಷ ಮೀರಿ ಮಾಡಿದವರಲ್ಲಿ ಸ್ತನದ ಕ್ಯಾನ್ಸರ್ ಕೂಡ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ದೇಹದ ಲಯವನ್ನು ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮರುಪರಿಶೀಲಿಸಿ, ರಾತ್ರಿ ಪಾಳಿಯನ್ನು ಅದೇ ವರ್ಗದಲ್ಲಿ ಉಳಿಸಿತು. ಇದರಿಂದ ಯಾರೂ ಗಾಬರಿಯಾಗಬೇಕಿಲ್ಲ. ರಾತ್ರಿ ಪಾಳಿ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ರಾತ್ರಿ ಪಾಳಿಯನ್ನು ಹೇಗೆ ಬೇಕೋ ಹಾಗೆ ಹಂಚಬಾರದು ಎಂಬುದಂತೂ ಖಚಿತ.

ಪಟ್ಟಿ ಹಾಕುವುದು ಏಕೆ ಕಷ್ಟ?

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸುಲಭ. ಅವರ ಕಷ್ಟವನ್ನೂ ನೋಡೋಣ. ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಮೂರು ಪಾಳಿಗಳಿವೆ: ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ವಾರಕ್ಕೆ 168 ಗಂಟೆ. ವಾರ್ಡಿನಲ್ಲಿ ಸದಾ ಒಬ್ಬರೇ ದಾದಿ ಇದ್ದರೆ ಸಾಕು ಎಂದುಕೊಂಡರೂ, ವಾರಕ್ಕೆ 42 ಗಂಟೆ ದುಡಿಯುವ ನಾಲ್ವರು ಬೇಕು. ಅವರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಹೆರಿಗೆ ರಜೆ, ಮತ್ತೊಬ್ಬರ ತಂಗಿಯ ಮದುವೆ. ಆದ್ದರಿಂದ ನಿಜವಾಗಿ ಬೇಕಾದವರು ಐವರು. ಮೂವರನ್ನು ಕೊಟ್ಟು ಒಳ್ಳೆಯ ಪಟ್ಟಿ ಹಾಕು ಎಂದರೆ ಯಾವ ಇನ್‌ಚಾರ್ಜ್ ಸಿಸ್ಟರ್‌ಗೂ ಸಾಧ್ಯವಿಲ್ಲ. ಸಿಬ್ಬಂದಿಯ ಕೊರತೆಯನ್ನು ಪಟ್ಟಿಯ ಜಾಣತನದಿಂದ ತುಂಬಲಾಗದು. ಆಡಳಿತ ಮಂಡಳಿಗಳು ಇದನ್ನು ಒಪ್ಪಿಕೊಳ್ಳಬೇಕು.

ಆದರೆ ಜನ ಸಾಕಷ್ಟು ಇರುವ ಕಡೆಯೂ ಹಳೆಯ ಪದ್ಧತಿ ಎಂಬ ಕಾರಣಕ್ಕೆ ಕೆಟ್ಟ ಪಟ್ಟಿ ಮುಂದುವರಿಯುವುದುಂಟು. ಅದನ್ನು ಬದಲಿಸಲು ಹಣ ಬೇಕಿಲ್ಲ.

ಒಳ್ಳೆಯ ಪಟ್ಟಿಯ ಲಕ್ಷಣ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1977ರಲ್ಲೇ ಶುಶ್ರೂಷಾ ಸಿಬ್ಬಂದಿಗಾಗಿ ಒಂದು ಶಿಫಾರಸನ್ನು ಹೊರಡಿಸಿದೆ. ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆ ಬಿಡುವು, ವಾರಕ್ಕೊಮ್ಮೆ ಸತತ 36 ಗಂಟೆಗೆ ಕಡಿಮೆಯಿಲ್ಲದ ವಿಶ್ರಾಂತಿ, ಮನೆಯ ವ್ಯವಸ್ಥೆ ಮಾಡಿಕೊಳ್ಳಲು ಸಾಕಾಗುವಷ್ಟು ಮುಂಚಿತವಾಗಿ ಪಟ್ಟಿಯ ತಿಳಿವಳಿಕೆ, ಇವು ಅದರಲ್ಲಿ ಸೇರಿವೆ. ಯುರೋಪಿನ ತಜ್ಞರ ಗುಂಪೊಂದು 2020ರಲ್ಲಿ ಸತತ ರಾತ್ರಿ ಪಾಳಿಗಳು ಮೂರನ್ನು ಮೀರಬಾರದು, ಒಂದು ಪಾಳಿ 9 ಗಂಟೆ ದಾಟಬಾರದು ಎಂದು ಹೇಳಿತು. ನಮ್ಮ ರಾತ್ರಿ ಪಾಳಿಯೇ 12 ಗಂಟೆ. ಹಾಗಿರುವಾಗ ಸತತ ಎರಡು ರಾತ್ರಿ ಸಾಕು, ಮೂರು ಎಂದರೆ ಹೆಚ್ಚೇ.

ಎಂಟು ದಿನಗಳ ಸುತ್ತೊಂದನ್ನು ನೋಡಿ:

1 ಮತ್ತು 2ನೆಯ ದಿನ: ಬೆಳಗಿನ ಪಾಳಿ
3 ಮತ್ತು 4ನೆಯ ದಿನ: ಮಧ್ಯಾಹ್ನದ ಪಾಳಿ
5 ಮತ್ತು 6ನೆಯ ದಿನ: ರಾತ್ರಿ ಪಾಳಿ
7 ಮತ್ತು 8ನೆಯ ದಿನ: ಬಿಡುವು

ನಾಲ್ವರು ದಾದಿಯರು ಎರಡೆರಡು ದಿನಗಳ ಅಂತರದಲ್ಲಿ ಈ ಸುತ್ತನ್ನು ಆರಂಭಿಸಿದರೆ, ಪ್ರತಿದಿನವೂ ಪ್ರತಿ ಪಾಳಿಗೂ ಒಬ್ಬರು ಇದ್ದೇ ಇರುತ್ತಾರೆ. ಎಂಟು ದಿನಕ್ಕೆ 48 ಗಂಟೆ, ಅಂದರೆ ವಾರಕ್ಕೆ ಸರಾಸರಿ 42 ಗಂಟೆ ಕೆಲಸ. ವರದಿ ಒಪ್ಪಿಸುವ ಹೊತ್ತು ಬೇರೆ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗುವಾಗ 24 ಗಂಟೆ ಬಿಡುವು ಸಿಗುತ್ತದೆ. ಮಧ್ಯಾಹ್ನದಿಂದ ರಾತ್ರಿಗೆ ಬದಲಾಗುವಾಗಲೂ 24 ಗಂಟೆ. ಕೊನೆಯ ರಾತ್ರಿಯ ನಂತರ ಸರಿಯಾಗಿ 48 ಗಂಟೆ. ರಾತ್ರಿ ಎಂಟಕ್ಕೆ ಹೊರಟು ಬೆಳಿಗ್ಗೆ ಎಂಟಕ್ಕೆ ಓಡಿಬರುವ ಪ್ರಸಂಗವೇ ಇಲ್ಲ. ಐದನೆಯವರು ರಜೆ ಹೋದವರ ಜಾಗಕ್ಕೆ.

ಇದರಲ್ಲಿ ಒಂದು ತೊಡಕಿದೆ. ಸುತ್ತು ಎಂಟು ದಿನದ್ದಾದ್ದರಿಂದ ವಾರದ ರಜೆ ಭಾನುವಾರಕ್ಕೇ ಬರುವುದಿಲ್ಲ, ಮುಂದೆ ಸರಿಯುತ್ತ ಹೋಗುತ್ತದೆ. ಎಂಟು ವಾರಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಭಾನುವಾರ ಬಿಡುವು ಸಿಗುತ್ತದೆ. ಅದರಲ್ಲಿ ಒಂದು ರಾತ್ರಿ ಪಾಳಿ ಮುಗಿಸಿ ಬಂದ ದಿನ. ಕಡಿಮೆಯೇ, ನಿಜ. ಆದರೆ ಎಲ್ಲರಿಗೂ ಸಮ. ಆರು ತಿಂಗಳ ಪಟ್ಟಿಯನ್ನೂ ಇಂದೇ ಬರೆದಿಡಬಹುದಾದ್ದರಿಂದ ಮುಂದಿನ ಗೌರಿ ಹಬ್ಬಕ್ಕೋ ಮಗಳ ಶಾಲಾ ವಾರ್ಷಿಕೋತ್ಸವಕ್ಕೋ ತಮಗೆ ಯಾವ ಪಾಳಿ ಎಂಬುದು ಈಗಲೇ ತಿಳಿಯುತ್ತದೆ. ಬೇಕಾದರೆ ಸಹೋದ್ಯೋಗಿಯ ಜೊತೆ ಅದಲುಬದಲು ಮಾಡಿಕೊಳ್ಳಲು ಸಮಯವೂ ಇರುತ್ತದೆ.

ಎಲ್ಲ ವಾರ್ಡಿಗೂ ಇದೇ ಆಗಬೇಕೆಂದಿಲ್ಲ. ದೂರದ ಹಳ್ಳಿಯಿಂದ ಬರುವ ಕೆಲವರು ರಾತ್ರಿ ಪಾಳಿಗಳನ್ನು ಒಟ್ಟಿಗೇ ಮುಗಿಸಿ ಊರಿಗೆ ಹೋಗಲು ಇಷ್ಟಪಡುತ್ತಾರೆ. ಮೂರು ರಾತ್ರಿ, ನಡುವೆ ಬಿಡುವು, ಮತ್ತೆ ಮೂರು ರಾತ್ರಿ ಎಂದಾದರೂ ಒಡೆದರೆ ಆರು ರಾತ್ರಿಯ ಸರಣಿಗಿಂತ ಎಷ್ಟೋ ಮೇಲು. ಪಟ್ಟಿ ಹಾಕುವ ಮೊದಲು ಕೇಳುವುದು ಮುಖ್ಯ. ವಾರ್ಡಿನಲ್ಲಿ ಒಂದು ಪುಸ್ತಕವಿಟ್ಟು, ಯಾರಿಗೆ ಯಾವ ದಿನ ಬಿಡುವು ಬೇಕು ಎಂಬುದನ್ನು ಹದಿನೈದು ದಿನ ಮೊದಲೇ ಬರೆಸಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಹಬ್ಬದ ರಜೆಗಳನ್ನು ವರ್ಷದ ಆರಂಭದಲ್ಲೇ ಹಂಚಿಕೊಳ್ಳಬಹುದು. ಯುಗಾದಿ, ದೀಪಾವಳಿಗಳಂದು ಕ್ರೈಸ್ತ ಸೋದರಿಯರು, ಕ್ರಿಸ್‌ಮಸ್‌ನಂದು ಹಿಂದೂ ಸೋದರಿಯರು ಡ್ಯೂಟಿಗೆ ನಿಲ್ಲುವ ಒಳ್ಳೆಯ ಪದ್ಧತಿ ಕೆಲವು ವಾರ್ಡುಗಳಲ್ಲಿ ಉಂಟು. ಅದನ್ನು ಬಾಯಿಮಾತಿಗೆ ಬಿಡದೆ ಪಟ್ಟಿಯಲ್ಲೇ ಬರೆದಿಡುವುದು ಒಳ್ಳೆಯದು.

ಮನೆಯವರ ಪಾಲು

ವಾರ್ಡಿನ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಮನೆಯಲ್ಲಿ ಯಾರೂ ಅದನ್ನು ಓದದಿದ್ದರೆ ಪ್ರಯೋಜನವಿಲ್ಲ. ತಿಂಗಳ ಪಾಳಿಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ಬಣ್ಣಗಳಲ್ಲಿ ಗುರುತು ಮಾಡಿ. ಮಕ್ಕಳೇ ಈ ಕೆಲಸ ಮಾಡಲಿ. "ಇವತ್ತು ಅಮ್ಮಂದು ಕೆಂಪು ದಿನ, ಮಧ್ಯಾಹ್ನ ಗಲಾಟೆ ಮಾಡಬಾರದು" ಎಂಬುದು ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ರಾತ್ರಿ ಪಾಳಿಯವರಿಗೆ ಬೆಳಿಗ್ಗೆ ಹತ್ತು ಗಂಟೆ ಎಂದರೆ ನಮ್ಮ ರಾತ್ರಿ ಹತ್ತು ಗಂಟೆ ಇದ್ದಂತೆ. ನಡುರಾತ್ರಿಯಲ್ಲಿ ನಿಮ್ಮನ್ನು ಎಬ್ಬಿಸಿ "ಗ್ಯಾಸ್ ಸಿಲಿಂಡರ್ ಬಂದಿದೆ, ದುಡ್ಡು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರೆ ಹೇಗಿರುತ್ತದೆ? ಮಿಕ್ಸಿ, ಟಿ.ವಿ., ಕಾಲಿಂಗ್ ಬೆಲ್, ತರಕಾರಿಯವನ ಕೂಗು, ನೆಂಟರ ಫೋನ್, ಇವುಗಳಿಂದ ಆ ಕೋಣೆಯನ್ನು ಐದಾರು ಗಂಟೆ ಕಾಪಾಡುವುದು ಮನೆಯವರ ಕರ್ತವ್ಯ. ಕಿಟಕಿಗೆ ದಪ್ಪ ಬಣ್ಣದ ಪರದೆ ಇಲ್ಲವೇ ಹಳೆಯ ಕಂಬಳಿ ಹಾಕಿದರೂ ಸಾಕು. "ಇಷ್ಟು ಹೊತ್ತಾದ್ರೂ ಮಲಗಿದ್ದೀಯಲ್ಲಮ್ಮ" ಎಂಬ ಹಿರಿಯರ ಒಂದು ಮಾತು ಎಲ್ಲ ಪರದೆಗಿಂತ ಹೆಚ್ಚಾಗಿ ನಿದ್ದೆ ಕೆಡಿಸುತ್ತದೆ. ಅವರಿಗೆ ಮಗನೇ ಕುಳಿತು ವಿವರಿಸಬೇಕು. ಸೊಸೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ರಾತ್ರಿ ಪಾಳಿಯ ದಿನಗಳಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಶಾಲೆಯಿಂದ ಮಕ್ಕಳನ್ನು ಕರೆತರುವುದು, ಈ ಮೂರನ್ನೂ ಬೇರೆಯವರು ವಹಿಸಿಕೊಳ್ಳಬೇಕು. ಪತ್ನಿ ಎಲ್ಲವನ್ನೂ ಮಾಡಿಯೇ ಮಲಗಲಿ ಎಂದರೆ ಅದು ಎರಡನೆಯ ಪಾಳಿ. ಪುರುಷ ಶುಶ್ರೂಷಕರ ಮನೆಗಳಲ್ಲಿ ಬೆಳಿಗ್ಗೆ ಬಂದವರು ನೇರವಾಗಿ ಮಲಗಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಅದೇ ಹಕ್ಕು ಮಹಿಳೆಯರಿಗೂ ಸಿಗಬೇಕು.

ರಾತ್ರಿ ಪಾಳಿಯವರ ದಿನಚರಿ

ಮೊದಲ ರಾತ್ರಿಗೆ ಹೋಗುವ ದಿನ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಒಂದೂವರೆ ಗಂಟೆ ಮಲಗಿ. ಇದೊಂದೇ ಅಭ್ಯಾಸ ಆ ರಾತ್ರಿಯ ತಪ್ಪುಗಳನ್ನು ಬಹಳಷ್ಟು ತಗ್ಗಿಸಬಲ್ಲದು. ರಾತ್ರಿ ಊಟವನ್ನು ಪಾಳಿಗೆ ಮುಂಚೆಯೇ ಮುಗಿಸಿ. ನಡುರಾತ್ರಿಯ ನಂತರ ಜೀರ್ಣಶಕ್ತಿ ಕುಗ್ಗಿರುತ್ತದೆ. ಆಗ ಕ್ಯಾಂಟೀನಿನ ಬೋಂಡಾ, ಬಿರಿಯಾನಿ ತಿಂದರೆ ಹೊಟ್ಟೆಯುರಿ ಖಂಡಿತ. ಹಸಿವಾದರೆ ಮೊಸರನ್ನ, ಒಂದೆರಡು ಇಡ್ಲಿ, ಬಾಳೆಹಣ್ಣು, ಮಜ್ಜಿಗೆ ಸಾಕು.

ಕಾಫಿಯಲ್ಲಿರುವ ಕೆಫೀನಿನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಆದ್ದರಿಂದ ಕೊನೆಯ ಕಾಫಿ ಬೆಳಗಿನ ಜಾವ ಎರಡು, ಮೂರು ಗಂಟೆಯೊಳಗೆ ಆಗಲಿ. ವಾರ್ಡಿನಲ್ಲಿ ಇನ್ನೊಬ್ಬರಿದ್ದು ಅವಕಾಶವಿದ್ದರೆ, ಸರದಿಯ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದರಿಂದ ಚುರುಕು ಮರಳುತ್ತದೆ. ನಾಲ್ಕರಿಂದ ಆರರ ನಡುವೆ ಔಷಧದ ಪ್ರಮಾಣವನ್ನು ಇಬ್ಬರು ಸೇರಿ ಪರಿಶೀಲಿಸುವ ಅಭ್ಯಾಸ ರೋಗಿಗೂ ಒಳ್ಳೆಯದು, ದಾದಿಗೂ ಒಳ್ಳೆಯದು.

ಬೆಳಿಗ್ಗೆ ತೂಕಡಿಕೆ ಇದ್ದರೆ ಸ್ಕೂಟರ್ ಓಡಿಸಬೇಡಿ. ಬಸ್ಸಿನಲ್ಲಿ ಬನ್ನಿ, ಅಥವಾ ಮನೆಯವರು ಬಂದು ಕರೆದೊಯ್ಯಲಿ. ಬಸ್ಸಿನಲ್ಲಿ ಕಪ್ಪು ಕನ್ನಡಕ ಧರಿಸಿದರೆ ಬಿಸಿಲಿನ ಪ್ರಭಾವ ಕಡಿಮೆಯಾಗಿ ನಿದ್ದೆಗೆ ಅನುಕೂಲ. ಸ್ವಲ್ಪ ತಿಂಡಿ ತಿಂದು ಆದಷ್ಟು ಬೇಗ ಮಲಗಿ. ಕೊನೆಯ ರಾತ್ರಿಯ ನಂತರ ಮಾತ್ರ ಮಧ್ಯಾಹ್ನದವರೆಗೆ ಮಲಗಿ ಎದ್ದುಬಿಡಿ, ರಾತ್ರಿ ಬೇಗ ಮಲಗಿದರೆ ಗಡಿಯಾರ ಹಳಿಗೆ ಬರುತ್ತದೆ. ವೈದ್ಯರ ಸಲಹೆಯಿಲ್ಲದೆ ನಿದ್ದೆ ಮಾತ್ರೆ ಬೇಡವೇ ಬೇಡ. ಮಾತ್ರೆಗಳು ಕೈಗೆ ಸಿಗುವ ವೃತ್ತಿಯಾದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಯಾರಿಗೆ ವಿಶೇಷ ಎಚ್ಚರ?

ಮೂರ್ಛೆರೋಗ ಇರುವವರಲ್ಲಿ ನಿದ್ದೆಗೇಡು ಫಿಟ್ಸ್ ತರಬಹುದು. ಅವರಿಗೆ ರಾತ್ರಿ ಪಾಳಿ ಬೇಡ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಪಾಳಿ ಬದಲಾದಾಗಲೆಲ್ಲ ಊಟ ಮತ್ತು ಇನ್ಸುಲಿನ್ ವೇಳೆಯನ್ನು ವೈದ್ಯರೊಡನೆ ಚರ್ಚಿಸಿ ಹೊಂದಿಸಿಕೊಳ್ಳಬೇಕು. ಗರ್ಭಿಣಿಯರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ರಾತ್ರಿ ಪಾಳಿ ಬೇಡ ಎಂದು ಮೇಲೆ ಹೇಳಿದ ಯುರೋಪಿನ ತಜ್ಞರ ಸಲಹೆ. ಎಳೆಯ ಮಕ್ಕಳ ತಾಯಂದಿರಿಗೆ ಇನ್ನೊಂದು ವಿಷಯ ತಿಳಿದಿರಲಿ: 2017ರಲ್ಲಿ ನಮ್ಮ ಹೆರಿಗೆ ಸೌಲಭ್ಯ ಕಾಯಿದೆಗೆ ಆದ ತಿದ್ದುಪಡಿಯಿಂದ 26 ವಾರಗಳ ರಜೆಯ ಜೊತೆಗೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವೂ ಬಂದಿತು. ಪಾಳಿ ಪಟ್ಟಿಯ ಜೊತೆ ಈ ಸೌಲಭ್ಯವನ್ನೂ ಕೇಳಿ ಪಡೆಯಬೇಕು.

ಎರಡು ವಾರ ಮೀರಿ ನಿದ್ದೆಯಿಲ್ಲದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲವಾದರೆ, ಕಾರಣವಿಲ್ಲದೆ ಅಳು ಬಂದರೆ, ಮುಟ್ಟು ಏರುಪೇರಾದರೆ, ರಕ್ತದೊತ್ತಡ ಏರಿದರೆ, ಅದನ್ನು ಕೇವಲ ದಣಿವು ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಹೋಗುವಾಗ ಪಾಳಿ ಪಟ್ಟಿಯನ್ನೂ ಕೊಂಡೊಯ್ಯಿರಿ.

ಮೊದಲು ಹೇಳಿದ ದಂಪತಿಯ ವಿಷಯಕ್ಕೆ ಬರೋಣ. ಆರು ರಾತ್ರಿಗಳು ಎರಡಕ್ಕೆ ಇಳಿಯಲಿಲ್ಲ. ವಾರ್ಡಿನಲ್ಲಿ ಅಷ್ಟು ಜನರಿರಲಿಲ್ಲ. ಆದರೆ ಮೂರು ಮತ್ತು ಮೂರಾಗಿ ಒಡೆಯಲು ಇನ್‌ಚಾರ್ಜ್ ಸಿಸ್ಟರ್ ಒಪ್ಪಿದರು. ರಾತ್ರಿ ಎಂಟಕ್ಕೆ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಕರೆಯುವುದು ನಿಂತಿತು. ಮನೆಯಲ್ಲಿ ಶಿಕ್ಷಕರು ಬೆಳಿಗ್ಗೆಯೇ ಅನ್ನ ಸಾರು ಮಾಡಿಟ್ಟು ಶಾಲೆಗೆ ಹೋಗತೊಡಗಿದರು. ಅತ್ತೆಯವರು ತಾವೇ ಬಡಿಸಿಕೊಂಡು ಉಣ್ಣುತ್ತಾರೆ. ಮೂರು ತಿಂಗಳ ನಂತರ ಆಕೆ ಬಂದಾಗ ಹೊಟ್ಟೆಯುರಿ ತಗ್ಗಿತ್ತು, ಹಗಲು ಐದು ಗಂಟೆ ನಿದ್ದೆ ಬರುತ್ತಿತ್ತು. ತಲೆನೋವು ಆಗಾಗ ಇನ್ನೂ ಇದೆ. "ಈಗ ಮಕ್ಕಳ ಮೇಲೆ ರೇಗೋದು ಕಡಿಮೆಯಾಗಿದೆ ಡಾಕ್ಟ್ರೇ" ಎಂದರು.

ನೆನಪಿಡಿ

* ಪಾಳಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಬದಲಾಗಲಿ.
* 12 ಗಂಟೆಯ ರಾತ್ರಿ ಪಾಳಿಗಳು ಸತತವಾಗಿ ಎರಡು, ಹೆಚ್ಚೆಂದರೆ ಮೂರು ಇರಲಿ. ನಂತರ 48 ಗಂಟೆ ಬಿಡುವು.
* ಎರಡು ಪಾಳಿಗಳ ನಡುವೆ 12 ಗಂಟೆಗೆ ಕಡಿಮೆ ಅಂತರ ಬೇಡ.
* ಪಟ್ಟಿ ಕನಿಷ್ಠ ಹದಿನೈದು ದಿನ ಮುಂಚೆ ಕೈಗೆ ಸಿಗಲಿ. ಅದರ ಪ್ರತಿ ಮನೆಯ ಕ್ಯಾಲೆಂಡರಿನಲ್ಲಿರಲಿ.
* ಮೊದಲ ರಾತ್ರಿಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ನಿದ್ದೆ ಮಾಡಿ.
* ರಾತ್ರಿ ಪಾಳಿಯವರ ಹಗಲು ನಿದ್ದೆಯನ್ನು ಮನೆಮಂದಿಯೆಲ್ಲ ಕಾಪಾಡಿ.